ನೂರಕ್ಕೆ ಎರಡು, ಎಷ್ಟು ಕಾಲಕ್ಕೆ?

ಪತ್ರ: ನಕ್ಷತ್ರ ಹುಟ್ಟುವ ದೈತ್ಯ ಅಣುಮೋಡಗಳಲ್ಲಿ (ತಣ್ಣನೆಯ ಅನಿಲದ ಮೋಡಗಳಲ್ಲಿ) ನೂರಕ್ಕೆ ಎರಡು ಪಾಲು ಮಾತ್ರ ನಕ್ಷತ್ರವಾಗುತ್ತದೆ ಎಂದು ಕಳೆದ ಸಂಚಿಕೆಯಲ್ಲಿ ಬರೆದಿದ್ದೀರಿ. ಅಚ್ಚಿನ ತಪ್ಪೇ? ಗುರುತ್ವ ಎಳೆಯುತ್ತಿರುವಾಗ ಉಳಿದ 98 ಪಾಲು ಎಲ್ಲಿಗೆ ಹೋಗುತ್ತದೆ?
– ನಿವೃತ್ತ ಬ್ಯಾಂಕ್ ನೌಕರ, ಮಲ್ಲೇಶ್ವರ, ಬೆಂಗಳೂರು

ಉತ್ತರ: ಅಚ್ಚಿನ ತಪ್ಪಲ್ಲ ಸಾರ್. ತಪ್ಪು ನಮ್ಮದೇ, ಆದರೆ ಬೇರೆ ಕಡೆ. ನೂರಕ್ಕೆ ಎರಡು ಅಂದೆವು, ಎಷ್ಟು ಕಾಲಕ್ಕೆ ಅಂತ ಹೇಳಲಿಲ್ಲ. ಕೈಸಾಲ ಕೊಡುವವರು ನೂರಕ್ಕೆ ಎರಡು ಅಂದರೆ ತಿಂಗಳ ಬಡ್ಡಿ, ಬ್ಯಾಂಕಿನಲ್ಲಿ ಅಂದರೆ ವರ್ಷದ್ದು. ಇದನ್ನು ನಿಮಗೆ ನಾವು ಹೇಳಿಕೊಡಬೇಕೇ!

ಲಕ್ಷ ಸೂರ್ಯರ ತೂಕದ ಒಂದು ಮೋಡ ಅಂದುಕೊಳ್ಳಿ. ತಡೆಯುವವರೇ ಇಲ್ಲದಿದ್ದರೆ ಅದು ತನ್ನ ಭಾರಕ್ಕೇ ಕುಸಿಯಲು 30–40 ಲಕ್ಷ ವರ್ಷ ಸಾಕು. ಅಷ್ಟು ಹೊತ್ತಿನಲ್ಲಿ ನಕ್ಷತ್ರವಾಗುವುದು ಹೆಚ್ಚುಕಡಿಮೆ ನೂರಕ್ಕೆ ಒಂದು. ಮೋಡ ಬದುಕುವುದು ಒಂದೆರಡು ಕೋಟಿ ವರ್ಷ. ಕೊನೆಗೆ ಒಟ್ಟು ಲೆಕ್ಕ ಹಾಕಿದರೆ ಎರಡರಿಂದ ಹತ್ತರ ನಡುವೆ ಎಲ್ಲೋ ನಿಲ್ಲುತ್ತದೆ. ನಾವು ಈ ಎರಡು ಲೆಕ್ಕಗಳನ್ನೂ ಕಲಸಿಬಿಟ್ಟೆವು.

ನಿಮಗೆ ಬಂದ ಅನುಮಾನ 1974ರಲ್ಲೇ ಖಗೋಳವಿಜ್ಞಾನಿಗಳಾದ ಝುಕರ್‌ಮನ್ ಮತ್ತು ಎವಾನ್ಸ್ ಅವರನ್ನೂ ಕಾಡಿತ್ತು. ನಮ್ಮ ಆಕಾಶಗಂಗೆಯ ಅಣುಮೋಡಗಳ ತೂಕ ಸುಮಾರು 100 ಕೋಟಿ ಸೂರ್ಯರಷ್ಟು. ಎಲ್ಲವೂ ಸುಮ್ನೆ ಕುಸಿಯುತ್ತಾ ಹೋದರೆ ವರ್ಷಕ್ಕೆ ಇನ್ನೂರು ಮುನ್ನೂರು ಸೂರ್ಯರಷ್ಟು ನಕ್ಷತ್ರ ಹುಟ್ಟಬೇಕು. ಹುಟ್ಟುವುದು ಒಂದೆರಡು ಸೂರ್ಯರಷ್ಟು, ಅಷ್ಟೇ.

ಗುರುತ್ವಕ್ಕೆ ಅಡ್ಡ ಬರುವುದು ಏನು? ಮೋಡದೊಳಗೆ ಅನಿಲ ಸುಮ್ಮನಿರುವುದಿಲ್ಲ. ಸೆಕೆಂಡಿಗೆ ಕೆಲವು ಕಿಲೋಮೀಟರ್ ವೇಗದಲ್ಲಿ ಕದಡುತ್ತಿರುತ್ತದೆ. ಕಾಂತಕ್ಷೇತ್ರವೂ ಒಂದಿಷ್ಟು ತಡೆಯುತ್ತದೆ. ಯಾವುದರ ಪಾಲು ಜಾಸ್ತಿ ಎಂಬ ಜಗಳ ಇನ್ನೂ ಮುಗಿದಿಲ್ಲ. ಇಷ್ಟರ ನಡುವೆಯೂ ಅಲ್ಲಲ್ಲಿ ಅನಿಲ ಗಂಟು ಕಟ್ಟುತ್ತದೆ. ಅಂಥ ಗಂಟುಗಳಲ್ಲೇ ನಕ್ಷತ್ರ ಹುಟ್ಟುವುದು.

ಹುಟ್ಟಿದ ದೊಡ್ಡ ನಕ್ಷತ್ರಗಳದ್ದು ಮಾತ್ರ ಉಂಡ ಮನೆಗೆ ಎರಡು ಬಗೆಯುವ ಬುದ್ಧಿ. ಅವುಗಳ ನೇರಳಾತೀತ ಬೆಳಕು ಸುತ್ತಲ ಅನಿಲವನ್ನು ಹತ್ತು ಸಾವಿರ ಡಿಗ್ರಿಗೆ ಕಾಯಿಸುತ್ತದೆ. ಕಾದ ಅನಿಲ ಉಬ್ಬಿ ಮೋಡವನ್ನೇ ಹರಿದು ಚದುರಿಸುತ್ತದೆ. ನಿಮ್ಮ ಉಳಿದ ಪಾಲು ಹೋಗುವುದು ಹೀಗೆ. ಹಾಳಾಗುವುದಿಲ್ಲ, ಆಕಾಶಗಂಗೆಯಲ್ಲೇ ಅಲೆದು ಮುಂದೆ ಯಾವುದೋ ಮೋಡ ಸೇರಿಕೊಳ್ಳಬಹುದು.

ಜನವರಿಯಲ್ಲಿ ರಾತ್ರಿ ಒಂಬತ್ತರ ಹೊತ್ತಿಗೆ ತಾರಸಿ ಹತ್ತಿ. ಮಹಾವ್ಯಾಧ (ಓರಿಯನ್) ನಕ್ಷತ್ರಪುಂಜದ ಸೊಂಟದ ಮೂರು ಚುಕ್ಕೆ ಮಲ್ಲೇಶ್ವರದಲ್ಲೂ ಕಾಣುತ್ತವೆ. ಅದರ ಕೆಳಗಿನ ಕತ್ತಿಗೆ ಬಿನಾಕ್ಯುಲರ್ ಹಿಡಿದರೆ ನಡುವೆ ಒಂದು ಮಸುಕು ಕಲೆ. ಸುಮಾರು 1,350 ಜ್ಯೋತಿರ್ವರ್ಷ ದೂರದಲ್ಲಿ ಎಳೆಯ ನಕ್ಷತ್ರಗಳು ತಾವು ಹುಟ್ಟಿದ ಮೋಡವನ್ನೇ ಕೊರೆಯುತ್ತಿರುವ ಜಾಗ ಅದು. ನಮ್ಮ ಮನೆ ತಾರಸಿಯಲ್ಲಿ ಬೀದಿದೀಪದ ಕಾಟ. ನೀರಿನ ಟ್ಯಾಂಕಿನ ಮರೆಯಲ್ಲಿ ನಿಂತರೆ ಪರವಾಗಿಲ್ಲ.
– ಸಂ.