ಕರಗದ ಚೀಲ, ನಕ್ಕ ಮೇಸ್ತ್ರಿ

ಈ ತಿಂಗಳ ಪತ್ರಗಳ ಕಟ್ಟು ಬಿಚ್ಚಿದಾಗ ಒಂದು ಲಕೋಟೆಯೊಳಗಿಂದ ಹಸಿರು ಬಣ್ಣದ, ಮಣ್ಣು ಮೆತ್ತಿದ ಕ್ಯಾರಿಬ್ಯಾಗಿನ ತುಂಡೊಂದು ನನ್ನ ಮೇಜಿನ ಮೇಲೆ ಬಿತ್ತು. ಮೂವತ್ತೊಂದು ವರ್ಷ ರಸಾಯನಶಾಸ್ತ್ರ ಪಾಠ ಮಾಡಿದವಳಿಗೆ ಇದಕ್ಕಿಂತ ಒಳ್ಳೆಯ ಪತ್ರ ಬಾರದು. ಪ್ರಶ್ನೆಯ ಜೊತೆ ಸಾಕ್ಷ್ಯವನ್ನೂ ಕಳಿಸಿದ್ದಾರೆ. ಅಲ್ಲಿಂದಲೇ ಶುರು ಮಾಡುತ್ತೇನೆ.

ನಮ್ಮದು ಕಿರಾಣಿ ಅಂಗಡಿ. ‘ನೂರಕ್ಕೆ ನೂರು ಕಾಂಪೋಸ್ಟ್ ಆಗುತ್ತದೆ’ ಎಂದು ಅಚ್ಚಾದ ಚೀಲವನ್ನು ಹೆಚ್ಚು ಬೆಲೆ ಕೊಟ್ಟು ತರಿಸುತ್ತೇವೆ. ಒಂದನ್ನು ಹಿತ್ತಿಲ ತಿಪ್ಪೆಯಲ್ಲಿ ಹೂತು ಎಂಟು ತಿಂಗಳಾಯಿತು. ತುಂಡು ಕಳಿಸಿದ್ದೇನೆ, ನೋಡಿ. ನಾವು ಮೋಸ ಹೋದೆವೇ?
— ಅರಸೀಕೆರೆಯ ಓದುಗರು

ಪೂರ್ತಿ ಮೋಸ ಎನ್ನಲಾರೆ. ಅರ್ಧ ಮಾತು ಹೇಳಿ ಮಾರಿದ್ದಾರೆ.

ನುಂಗಿಕೊಂಡ ಇನ್ನರ್ಧ ಮಾತು ಇದು: ಕಾಂಪೋಸ್ಟ್ ಆಗುವ ಪ್ಲಾಸ್ಟಿಕ್ ಎಂಬ ಪ್ರಮಾಣಪತ್ರಕ್ಕೆ ಪರೀಕ್ಷೆ ನಡೆಯುವುದು ಸುಮಾರು 58 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ. ಆ ಶಾಖದಲ್ಲಿ ಚೀಲ 12 ವಾರದೊಳಗೆ ಪುಡಿಯಾಗಬೇಕು, 180 ದಿನದೊಳಗೆ ಅದರ ಇಂಗಾಲದ ನೂರಕ್ಕೆ 90 ಭಾಗ ಸೂಕ್ಷ್ಮಜೀವಿಗಳ ಹೊಟ್ಟೆ ಸೇರಿ ಇಂಗಾಲದ ಡೈಆಕ್ಸೈಡ್ ಆಗಬೇಕು. ದೊಡ್ಡ ಕಾಂಪೋಸ್ಟ್ ಘಟಕದಲ್ಲಿ ಲಾರಿಗಟ್ಟಲೆ ಹಸಿ ಕಸ ಒಟ್ಟಿದಾಗ ಅಷ್ಟು ಶಾಖ ಹುಟ್ಟುತ್ತದೆ. ನಿಮ್ಮ ಹಿತ್ತಿಲ ತಿಪ್ಪೆಯಲ್ಲಿ ಹುಟ್ಟುವುದಿಲ್ಲ. ಬೇಸಿಗೆಯಲ್ಲಿ ಒಂದೇ ರಾತ್ರಿಗೆ ಉಕ್ಕಿ ಹರಿಯುವ ದೋಸೆ ಹಿಟ್ಟು ಆಷಾಢದ ಮಳೆಯಲ್ಲಿ ಬೆಳಗಿನವರೆಗೂ ಅಲುಗದೆ ಕುಳಿತಿರುತ್ತದಲ್ಲ, ಹಾಗೆ. ಹಿಟ್ಟು ಕೆಟ್ಟದ್ದಲ್ಲ, ಬೆಚ್ಚಗಿನ ಜಾಗ ಸಿಕ್ಕಿಲ್ಲ.

ಹೋದ ವರ್ಷ ಯುಗಾದಿಯ ಮರುದಿನ ನಾನೂ ಇಂಥವೇ ಎರಡು ಚೀಲ ಹೂತಿದ್ದೆ: ಒಂದು ತೆಂಗಿನ ಬುಡದಲ್ಲಿ, ಇನ್ನೊಂದು ಕೊಟ್ಟಿಗೆಯ ಗೊಬ್ಬರದ ಗುಂಡಿಯಲ್ಲಿ. ಕಾಲೇಜಿನಿಂದ ನಿವೃತ್ತಳಾಗುವಾಗ ಬೇಡವೆಂದು ಬಿಟ್ಟ ಒಂದು ಥರ್ಮಾಮೀಟರ್ ನನ್ನ ಬಳಿ ಇದೆ. ಅದನ್ನು ಬಿದಿರಿನ ಕೋಲಿಗೆ ಕಟ್ಟಿ ಆಗಾಗ ಇಳಿಸಿ ನೋಡುತ್ತಿದ್ದೆ. ತೆಂಗಿನ ಬುಡದಲ್ಲಿ 27 ಡಿಗ್ರಿ. ಗೊಬ್ಬರದ ಗುಂಡಿಯಲ್ಲಿ ಎಂದೂ 43 ದಾಟಲಿಲ್ಲ. ದೀಪಾವಳಿಗೆ ಅಗೆದಾಗ ತೆಂಗಿನ ಬುಡದ ಚೀಲದ ಮೇಲೆ ‘ಭೂಮಿಯನ್ನು ಉಳಿಸಿ’ ಎಂಬ ಅಕ್ಷರಗಳನ್ನು ಕನ್ನಡಕವಿಲ್ಲದೆ ಓದಿದೆ. ಗೊಬ್ಬರದ ಗುಂಡಿಯದು ನೆನೆದ ಹಪ್ಪಳದಂತಾಗಿತ್ತು, ಎತ್ತಿದರೆ ಹರಿಯುತ್ತಿತ್ತು, ಆದರೆ ಇತ್ತು.

ಬ್ರಿಟನ್ನಿನ ಪ್ಲಿಮತ್ ವಿಶ್ವವಿದ್ಯಾಲಯದವರು ಇದನ್ನೇ ಮೂರು ವರ್ಷ ಮಾಡಿ ನೋಡಿದರು, 2019ರಲ್ಲಿ ಫಲಿತಾಂಶ ಪ್ರಕಟಿಸಿದರು. ಮಣ್ಣಿನಲ್ಲಿ, ಸಮುದ್ರದಲ್ಲಿ, ಬಯಲಿನಲ್ಲಿ ಬಗೆಬಗೆಯ ಚೀಲಗಳನ್ನು ಇಟ್ಟಿದ್ದರು. ‘ಜೈವಿಕವಾಗಿ ಕೊಳೆಯುತ್ತದೆ’ ಎಂದು ಬರೆದ ಚೀಲ ಮಣ್ಣಿನಲ್ಲೂ ಸಮುದ್ರದಲ್ಲೂ ಮೂರು ವರ್ಷ ಕಳೆದ ಮೇಲೂ ಸಾಮಾನು ಹೊರುವಷ್ಟು ಗಟ್ಟಿಯಾಗಿತ್ತು. ಕಾಂಪೋಸ್ಟ್ ಚೀಲ ಸಮುದ್ರದಲ್ಲಿ ಮೂರೇ ತಿಂಗಳಲ್ಲಿ ಕಾಣೆಯಾಯಿತು, ಆದರೆ ಮಣ್ಣಿನಲ್ಲಿ 27 ತಿಂಗಳಾದರೂ ಉಳಿದಿತ್ತು. ಭಾರ ಹಾಕಿದರೆ ಮಾತ್ರ ಹರಿಯುತ್ತಿತ್ತು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನವರು ಸಾಮಾನ್ಯ ಜನರಿಗೇ ಹೇಳಿ ಮನೆಯ ಗುಂಡಿಯಲ್ಲಿ ಹಾಕಿಸಿ ನೋಡಿದರು. ‘ಮನೆಯಲ್ಲೇ ಕಾಂಪೋಸ್ಟ್ ಆಗುತ್ತದೆ’ ಎಂಬ ಪ್ರಮಾಣಪತ್ರವಿದ್ದ ಪ್ಲಾಸ್ಟಿಕ್‌ಗಳಲ್ಲೂ ನೂರಕ್ಕೆ 60ರಷ್ಟು ಪೂರ್ತಿ ಕರಗಿರಲಿಲ್ಲ. ಅದು 2022ರ ವರದಿ.

ನಿಮ್ಮ ಊರಿನ ಹಸಿ ಕಸ ದೊಡ್ಡ ಕಾಂಪೋಸ್ಟ್ ಘಟಕಕ್ಕೆ ಹೋಗುತ್ತಿದ್ದರೆ ಈ ಚೀಲಕ್ಕೆ ಕೊಡುವ ಹೆಚ್ಚಿನ ಹಣಕ್ಕೆ ಅರ್ಥವಿದೆ. ಹೋಗದಿದ್ದರೆ ಗಿರಾಕಿಗಳಿಗೆ ಮನೆಯಿಂದ ಚೀಲ ತರಲು ಹೇಳಿ, ತಂದವರಿಗೆ ಒಂದು ರೂಪಾಯಿ ಬಿಡಿ. ಅಂದ ಹಾಗೆ, ಪರೀಕ್ಷೆ ಪಾಸಾದ ಚೀಲದ ಮೇಲೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಮಾಣಪತ್ರದ ಸಂಖ್ಯೆ ಇರಬೇಕು. ನೀವು ಕಳಿಸಿದ ತುಂಡಿನಲ್ಲಿ ಎಲೆಯ ಚಿತ್ರ ಇತ್ತು, ಸಂಖ್ಯೆ ಕಾಣಲಿಲ್ಲ. ಉಳಿದ ಕಟ್ಟನ್ನು ಒಮ್ಮೆ ತಿರುಗಿಸಿ ನೋಡಿ.

ಬಟ್ಟೆ ಚೀಲ ಪ್ಲಾಸ್ಟಿಕ್‌ಗಿಂತ ಕೆಟ್ಟದ್ದು, ಅದನ್ನು ಏಳು ಸಾವಿರ ಸಲ ಬಳಸಬೇಕು ಎಂದು ಮಗ ಮೊಬೈಲ್ ತೋರಿಸಿ ಜಗಳ ಆಡುತ್ತಾನೆ. ನಿಜವೇ?
— ದಾವಣಗೆರೆಯ ಗೃಹಿಣಿ

ಸಂಖ್ಯೆ ನಿಜ, ಜಗಳ ಅರ್ಧ ಸುಳ್ಳು. ಡೆನ್ಮಾರ್ಕಿನ ಪರಿಸರ ಇಲಾಖೆ 2018ರಲ್ಲಿ ಪ್ರಕಟಿಸಿದ ಲೆಕ್ಕ ಅದು. ಹತ್ತಿಯ ಚೀಲವನ್ನು ಅಲ್ಲಿನ ಅಂಗಡಿಗಳ ಸಾಮಾನ್ಯ ಪ್ಲಾಸ್ಟಿಕ್ ಚೀಲಕ್ಕೆ ಹೋಲಿಸಿದರು. ಹತ್ತಿ ಬೆಳೆಯಲು ನೀರು, ಗೊಬ್ಬರ, ಗಿರಣಿಯ ವಿದ್ಯುತ್ತು ಎಲ್ಲ ಸೇರಿಸಿ, ಪರಿಸರದ ಹಲವು ಬಗೆಯ ಹಾನಿಗಳನ್ನು ಒಂದೊಂದಾಗಿ ಅಳೆದರು. ಅವುಗಳಲ್ಲಿ ಓಜೋನ್ ಪದರದ ಹಾನಿಯ ಲೆಕ್ಕದಲ್ಲಿ ಬಂದದ್ದು 7,100 ಸಲ. ಹವಾಮಾನದ ಲೆಕ್ಕವೊಂದನ್ನೇ ನೋಡಿದರೆ ಅದೇ ವರದಿಯಲ್ಲಿ ಬರುವುದು 52 ಸಲ. ವಾರಕ್ಕೊಮ್ಮೆ ಸಂತೆಗೆ ಒಯ್ದರೆ ಒಂದು ವರ್ಷ. ನಿಮ್ಮ ಮಗ ಕೆಟ್ಟ ಸಂಖ್ಯೆಯನ್ನು ಮಾತ್ರ ಆರಿಸಿಕೊಂಡಿದ್ದಾನೆ. ಇನ್ನೊಂದು ಮಾತು: ಚರಂಡಿ ಕಟ್ಟಿದ ಪ್ಲಾಸ್ಟಿಕ್, ಹಸುವಿನ ಹೊಟ್ಟೆ ಸೇರಿದ ಪ್ಲಾಸ್ಟಿಕ್ ಆ ಲೆಕ್ಕದಲ್ಲಿ ಇಲ್ಲವೇ ಇಲ್ಲ. ಡೆನ್ಮಾರ್ಕಿನಲ್ಲಿ ಚೀಲ ಬೀದಿಗೆ ಬೀಳುವುದು ಕಡಿಮೆ, ಕಸದ ಜೊತೆ ಉರಿದು ಹೋಗುತ್ತದೆ.

ಆದರೂ ಅವನ ಮಾತಿನಲ್ಲಿ ಒಂದು ಕೊಕ್ಕೆ ಇದೆ, ಅದನ್ನು ತಳ್ಳಿಹಾಕಬೇಡಿ. ನಮ್ಮ ಮನೆಯ ಅಡುಗೆಮನೆ ಬಾಗಿಲ ಹಿಂದಿನ ಮೊಳೆಗೆ ಮದುವೆ, ಗೃಹಪ್ರವೇಶ, ಉಪನಯನಗಳಲ್ಲಿ ತಾಂಬೂಲದ ಜೊತೆ ಕೊಟ್ಟ ಬಟ್ಟೆ ಚೀಲಗಳು ತೂಗುತ್ತಿವೆ. ಈ ಪತ್ರ ಓದಿ ಎಣಿಸಿದೆ: 34. ವಧೂವರರ ಹೆಸರು ಅಚ್ಚಾದ ಚೀಲ ಹಿಡಿದು ಯಾರೂ ಮೀನಿನ ಅಂಗಡಿಗೆ ಹೋಗುವುದಿಲ್ಲ. ಬಳಸುವುದು ಎರಡೇ ಎರಡನ್ನು. ಒಂದರ ಹಿಡಿ ಮೂರು ಸಲ ಹೊಲಿಸಿದ್ದೇನೆ. ಉಳಿದ 32 ಚೀಲಗಳು 52ರ ಲೆಕ್ಕವನ್ನೂ ಮುಟ್ಟುವುದಿಲ್ಲ. ತೆಂಗಿನಕಾಯಿಯನ್ನು ಬರಿಗೈಗೆ ಕೊಡುತ್ತಿದ್ದ ಕಾಲದಲ್ಲಿ ಎಲ್ಲರೂ ಸೆರಗಿನಲ್ಲಿ ಕಟ್ಟಿಕೊಂಡೇ ಮನೆ ಮುಟ್ಟುತ್ತಿದ್ದರು.

ಭೂಮಿಯ ಶಾಖ ಒಂದೂವರೆ ಡಿಗ್ರಿಯ ಗಡಿ ದಾಟಿತೆಂದು ಓದಿದೆ. ಹಾಗಾದರೆ ಪ್ಯಾರಿಸ್ ಒಪ್ಪಂದ ಮುಗಿದ ಕಥೆಯೇ?
— ಪದವಿ ವಿದ್ಯಾರ್ಥಿ, ಧಾರವಾಡ

ವಿಶ್ವ ಹವಾಮಾನ ಸಂಸ್ಥೆಯ ಪ್ರಕಾರ 2024ರ ಸರಾಸರಿ ಉಷ್ಣತೆ 1850–1900ರ ಕಾಲಕ್ಕಿಂತ ಸುಮಾರು 1.55 ಡಿಗ್ರಿ ಹೆಚ್ಚಿತ್ತು. ಒಂದು ಇಡೀ ವರ್ಷ ಆ ಗಡಿ ದಾಟಿದ್ದು ಅದೇ ಮೊದಲು. ಆದರೆ ಏರಿಕೆಯನ್ನು ಒಂದೂವರೆ ಡಿಗ್ರಿಯೊಳಗೆ ಹಿಡಿಯಲು ಯತ್ನಿಸುವ ಆ ಒಪ್ಪಂದ ಮಾತನಾಡುವುದು ಸುಮಾರು ಇಪ್ಪತ್ತು ವರ್ಷದ ಸರಾಸರಿಯ ಬಗ್ಗೆ. ಒಂದು ವರ್ಷ ಆಗುಂಬೆಯಲ್ಲಿ ಮಳೆ ಕಡಿಮೆಯಾದರೆ ಅದನ್ನು ಬಯಲುಸೀಮೆ ಎನ್ನುವುದಿಲ್ಲವಷ್ಟೆ. ಸಮಾಧಾನಪಟ್ಟುಕೊಳ್ಳಿ ಎಂದು ಹೇಳುತ್ತಿಲ್ಲ. ಸರಾಸರಿಯೂ ಅದೇ ದಿಕ್ಕಿಗೆ ಏರುತ್ತಿದೆ. ಪರೀಕ್ಷೆಯಲ್ಲಿ ಈ ಪ್ರಶ್ನೆ ಬಂದರೆ ‘ವರ್ಷ’ ಮತ್ತು ‘ಸರಾಸರಿ’ ಎರಡನ್ನೂ ಬರೆಯಿರಿ. ನಾನಾಗಿದ್ದರೆ ಎರಡಕ್ಕೂ ಒಂದೊಂದು ಅಂಕ ಕೊಡುತ್ತಿದ್ದೆ.

ಮನೆ ಕಟ್ಟಿಸುತ್ತಿದ್ದೇನೆ. ಮಣ್ಣಿನ ಬ್ಲಾಕ್‌ನಲ್ಲಿ ಕಟ್ಟೋಣ ಎಂದರೆ ಮೇಸ್ತ್ರಿ ನಕ್ಕುಬಿಟ್ಟ. ಸಿಮೆಂಟ್ ಅಷ್ಟೊಂದು ಕೆಟ್ಟದ್ದೇ? ಕಡಿಮೆ ಹೊಗೆಯ ಸಿಮೆಂಟ್ ಬಂದಿದೆಯಂತೆ, ಹೌದೇ?
— ತುಮಕೂರು ಜಿಲ್ಲೆಯ ಶಿಕ್ಷಕರು

ಮೇಸ್ತ್ರಿ ನಗುವುದಕ್ಕೆ ಅವನದೇ ಕಾರಣ ಇದೆ, ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ಸಿಮೆಂಟ್.

ಜಗತ್ತು ಬಿಡುವ ಇಂಗಾಲದ ಡೈಆಕ್ಸೈಡಿನಲ್ಲಿ ಸುಮಾರು ನೂರಕ್ಕೆ 8 ಪಾಲು ಸಿಮೆಂಟಿನದು. ಕಲ್ಲಿದ್ದಲು ಉರಿಸುವ ಹೊಗೆ ಎಂದುಕೊಳ್ಳುತ್ತೇವೆ, ಆದರೆ ಅರ್ಧಕ್ಕಿಂತ ಹೆಚ್ಚು ಬರುವುದು ಕಲ್ಲಿನ ಒಳಗಿಂದಲೇ. ಸುಣ್ಣದ ಕಲ್ಲು ಎಂದರೆ ಕ್ಯಾಲ್ಸಿಯಂ ಕಾರ್ಬೊನೇಟ್. 100 ಕೆಜಿ ಕಲ್ಲು ಕಾಯಿಸಿದರೆ 56 ಕೆಜಿ ಸುಣ್ಣ ಉಳಿಯುತ್ತದೆ, 44 ಕೆಜಿ ಇಂಗಾಲದ ಡೈಆಕ್ಸೈಡಾಗಿ ಹಾರಿಹೋಗುತ್ತದೆ. ಕುಲುಮೆಗೆ ನಾಳೆ ಬಿಸಿಲಿನ ವಿದ್ಯುತ್ತನ್ನೇ ಕೊಟ್ಟರೂ ಈ 44 ತಪ್ಪುವುದಿಲ್ಲ. ಪಿಯುಸಿ ಹುಡುಗರಿಗೆ ನಾನು ಪ್ರತಿ ವರ್ಷ ಮಾಡಿಸುತ್ತಿದ್ದ ಲೆಕ್ಕ ಇದು. ಒಬ್ಬನೂ ‘ಮೇಡಂ, ಆ 44 ಎಲ್ಲಿಗೆ ಹೋಗುತ್ತದೆ’ ಎಂದು ಕೇಳಲಿಲ್ಲ. ನಾನೂ ಹೇಳಲಿಲ್ಲ.

ಹೊಸ ಸಿಮೆಂಟ್ ಈ ಜಾಗಕ್ಕೇ ಕೈ ಹಾಕಿದೆ. ಸುಣ್ಣದ ಕಲ್ಲನ್ನು ಸುಮಾರು 1450 ಡಿಗ್ರಿಯಲ್ಲಿ ಕಾಯಿಸಿ ಮಾಡುವ ಉಂಡೆಗೆ ಕ್ಲಿಂಕರ್ ಎನ್ನುತ್ತಾರೆ. ಹೊಸ ಮಿಶ್ರಣದಲ್ಲಿ ಕ್ಲಿಂಕರ್ ಅರ್ಧದಷ್ಟೇ. ಉಳಿದದ್ದು 30 ಪಾಲು ಕಾಯಿಸಿದ ಜೇಡಿ, 15 ಪಾಲು ಕಾಯಿಸದೆ ಹಾಗೇ ಪುಡಿ ಮಾಡಿದ ಸುಣ್ಣದ ಕಲ್ಲು, 5 ಪಾಲು ಜಿಪ್ಸಂ. ಜೇಡಿಗೆ 700–850 ಡಿಗ್ರಿ ಸಾಕು, ಕಾಯುವಾಗ ಅದರಿಂದ ಹೊರಡುವುದು ನೀರಾವಿ. ಒಟ್ಟು ಹೊಗೆ ನೂರಕ್ಕೆ 40ರವರೆಗೆ ಇಳಿಯುತ್ತದೆ. ಸ್ವಿಟ್ಜರ್ಲೆಂಡಿನ ಲೋಸಾನ್, ಕ್ಯೂಬಾ, ನಮ್ಮ ದಿಲ್ಲಿ ಮತ್ತು ಮದ್ರಾಸ್ ಐಐಟಿಗಳು ಸೇರಿ ಬೆಳೆಸಿದ ವಿದ್ಯೆ ಇದು. 2023ರಲ್ಲಿ ಇದಕ್ಕೆ ಭಾರತೀಯ ಮಾನಕವೂ ಸಿಕ್ಕಿದೆ. ನಿಮ್ಮ ಊರಿನ ಅಂಗಡಿಗೆ ಇನ್ನೂ ಬಂದಿರದಿದ್ದರೆ ಹಾರುಬೂದಿ ಬೆರೆತ ಪಿಪಿಸಿ, ಉಕ್ಕಿನ ಕಾರ್ಖಾನೆಯ ಕಿಟ್ಟ ಬೆರೆತ ಪಿಎಸ್‌ಸಿ ಇದ್ದೇ ಇವೆ. ಅವುಗಳಲ್ಲೂ ಕ್ಲಿಂಕರ್ ಕಡಿಮೆ. ಚೀಲದ ಮೇಲೆ ಓದಿ ಕೊಳ್ಳಿ.

ಈಗ ಮಣ್ಣಿನ ಬ್ಲಾಕ್. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಹಳ್ಳಿಗಳಿಗಾಗಿಯೇ ‘ಅಸ್ತ್ರ’ ಎಂಬ ಕೇಂದ್ರ ಹುಟ್ಟಿತು. ಮಣ್ಣಿಗೆ ನೂರಕ್ಕೆ ಏಳೆಂಟು ಪಾಲು ಸಿಮೆಂಟ್ ಬೆರೆಸಿ ಯಂತ್ರದಲ್ಲಿ ಒತ್ತಿ ಮಾಡುವ ಬ್ಲಾಕನ್ನು ಅವರು ದಶಕಗಳ ಕಾಲ ಪರೀಕ್ಷಿಸಿ ಗಟ್ಟಿಗೊಳಿಸಿದ್ದಾರೆ. ಇಟ್ಟಿಗೆಯಂತೆ ಸುಡುವುದಿಲ್ಲ, ಸೌದೆ ಬೇಡ. ನೀರುಣಿಸಿದರೆ ಸಾಕು.

ಯಾವ ಮಣ್ಣಾದರೂ ಆಗುತ್ತದೆ ಎಂದುಕೊಂಡರೆ ಕೆಟ್ಟಿರಿ. ಒಂದು ಗಾಜಿನ ಬಾಟಲಿಯ ಮೂರನೇ ಒಂದು ಭಾಗಕ್ಕೆ ನಿಮ್ಮ ನಿವೇಶನದ ಮಣ್ಣು ಹಾಕಿ. ನೀರು ತುಂಬಿ, ಚಿಟಿಕೆ ಉಪ್ಪು ಹಾಕಿ, ಚೆನ್ನಾಗಿ ಕುಲುಕಿ ಕಿಟಕಿಯಲ್ಲಿಡಿ. ಮರಳು ನಿಮ್ಮ ಕಣ್ಣೆದುರೇ ತಳಕ್ಕೆ ಇಳಿಯುತ್ತದೆ, ಅದರ ಮೇಲೆ ನುಣ್ಣನೆಯ ಹೂಳು, ಮರುದಿನ ಬೆಳಗ್ಗೆ ಎಲ್ಲಕ್ಕಿಂತ ಮೇಲೆ ಜೇಡಿಯ ತೆಳು ಪದರ. ಮರಳು ಮೂರನೇ ಎರಡು ಪಾಲಿನಷ್ಟಿದ್ದು ಜೇಡಿ ಹತ್ತು ಹದಿನೈದು ಪಾಲಿದ್ದರೆ ಒಳ್ಳೆಯ ಬ್ಲಾಕ್ ಬರುತ್ತದೆ. ಜೇಡಿ ಹೆಚ್ಚಾದರೆ ಮರಳೋ ಕಲ್ಲುಪುಡಿಯೋ ಸೇರಿಸಬೇಕು. ಎರೆಮಣ್ಣಾದರೆ ಸಿಮೆಂಟ್ ಮಾತ್ರ ನಂಬಿ ಹೊರಡಬೇಡಿ, ಅದು ನೀರು ಕುಡಿದು ಉಬ್ಬುತ್ತದೆ, ಒಣಗಿ ಬಿರಿಯುತ್ತದೆ.

ಮೇಸ್ತ್ರಿಯ ನಗುವಿಗೆ ಬರೋಣ. ಸಾಗರದ ನಮ್ಮ ಮನೆಯ ಹಿಂದೆ ಮಣ್ಣಿನ ಬ್ಲಾಕಿನ ಒಂದು ಕೋಣೆ ಕಟ್ಟಿಸಿದ್ದೆ. ಹುಮ್ಮಸ್ಸಿನಲ್ಲಿ ಬ್ಲಾಕ್‌ಗಳಿಗೆ ಮೂರು ವಾರ ನೀರುಣಿಸುವ ಬದಲು ಒಂದು ವಾರಕ್ಕೇ ಗೋಡೆ ಏರಿಸಿದೆ, ಪಂಚಾಂಗವನ್ನು, ಅಂದರೆ ನೆಲದಿಂದ ಮೇಲೆದ್ದ ಅಡಿಪಾಯವನ್ನು, ಒಂದೇ ಅಡಿ ಎತ್ತರಿಸಿದೆ, ಸೂರನ್ನು ಮೋಟಾಗಿ ಬಿಟ್ಟೆ. ಮಲೆನಾಡಿನ ಮೊದಲ ಮಳೆಗಾಲ ನೆಲದಿಂದ ಸಿಡಿದ ನೀರಿನಲ್ಲೇ ಕೆಳಗಿನ ಎರಡು ವರಸೆಯನ್ನು ಅವಲಕ್ಕಿ ಮಾಡಿತು. ಆ ವರಸೆಗಳನ್ನು ಜಂಬಿಟ್ಟಿಗೆಯಲ್ಲಿ ಮತ್ತೆ ಕಟ್ಟಿಸಿ ಸೂರನ್ನು ಎರಡೂವರೆ ಅಡಿ ಚಾಚಿಸಿದ ಮೇಲೆ ಇಂದಿನವರೆಗೆ ಒಂದು ಚೂರು ಉದುರಿಲ್ಲ. ನಿಮ್ಮ ಮೇಸ್ತ್ರಿ ನನ್ನಂಥವರ ಕೆಲಸ ನೋಡಿ ನಕ್ಕಿರಬೇಕು. ತುಮಕೂರಿನ ಮಳೆ ನಮ್ಮದರಷ್ಟಲ್ಲ, ಆದರೂ ಪಂಚಾಂಗ ಮತ್ತು ಸೂರಿನಲ್ಲಿ ಜಿಪುಣತನ ಬೇಡ. ಒಂದು ಬ್ಲಾಕನ್ನು ಬಕೆಟ್ಟಿನಲ್ಲಿ ಎರಡು ದಿನ ಮುಳುಗಿಸಿಟ್ಟು ಅವನ ಕೈಗೆ ಕೊಡಿ. ಒಡೆಯದೆ ಬಂದರೆ ಅವನೇ ಮಾತಿಗೆ ಬರುತ್ತಾನೆ.

ಅಡಿಕೆ ಹಾಳೆಯ ತಟ್ಟೆ ಮಾಡುವ ಚಿಕ್ಕ ಘಟಕ ನಮ್ಮದು. ಅಮೆರಿಕದವರು ಬೇಡ ಎಂದದ್ದು ಏಕೆ? ಇದಕ್ಕಿಂತ ಪರಿಸರಸ್ನೇಹಿ ವಸ್ತು ಯಾವುದಿದೆ?
— ಪುತ್ತೂರು ತಾಲ್ಲೂಕಿನಿಂದ

ಮೊದಲೇ ಹೇಳಿಬಿಡುತ್ತೇನೆ: ನಮ್ಮದೂ ಅಡಿಕೆ ತೋಟದ ಮನೆ, ಈ ಉತ್ತರದಲ್ಲಿ ನನಗೂ ಪಾಲಿದೆ.

ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2025ರಲ್ಲಿ ಎತ್ತಿದ ಪ್ರಶ್ನೆ ಕೊಳೆಯುವುದರ ಬಗ್ಗೆ ಅಲ್ಲ. ಅಡಿಕೆ ಮರದಲ್ಲಿರುವ ಆಲ್ಕಲಾಯ್ಡ್‌ಗಳು (ಗಿಡಮರಗಳಲ್ಲಿ ಹುಟ್ಟುವ, ದೇಹದ ಮೇಲೆ ಪರಿಣಾಮ ಬೀರುವ ರಾಸಾಯನಿಕಗಳು) ತಟ್ಟೆಯಿಂದ ಊಟಕ್ಕೆ ಇಳಿಯಬಹುದು ಎಂಬುದು ಅವರ ಮಾತು. ಅಡಿಕೆಯನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಿಂದಲೇ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿನಲ್ಲಿಟ್ಟಿದೆ. ಆ ತೀರ್ಮಾನ ಜಗಿಯುವ ಅಡಿಕೆಯದು. ಹಾಳೆ ಬೇರೆ, ಕಾಯಿ ಬೇರೆ ಎಂದು ನಾವು ವಾದಿಸಬಹುದು, ನಾನೂ ಊಟದ ಮನೆಯಲ್ಲಿ ಕುಳಿತು ವಾದಿಸಿದ್ದೇನೆ. ಆದರೆ ಇಂಥ ಕಡೆ ‘ನಮ್ಮಜ್ಜ ಇದರಲ್ಲೇ ಉಂಡರು’ ಎನ್ನುವುದು ಉತ್ತರವಲ್ಲ. ಅಜ್ಜ ಹಾಳೆಯನ್ನು ಟೋಪಿ ಮಾಡಿಕೊಂಡರು, ನೀರು ಮೊಗೆದರು, ಸ್ನಾನ ಮಾಡಿಸಿದರು. ದಿನವೂ ಅದರಲ್ಲಿ ಬಿಸಿ ಸಾರು ಉಣ್ಣಲಿಲ್ಲ, ಅದಕ್ಕೆ ಬಾಳೆ ಎಲೆ ಇತ್ತು.

ಕುದಿ ಸಾರು, ಹುಳಿ ಮೊಸರು, ಎಣ್ಣೆ ಇವುಗಳಿಗೆ ಹಾಳೆಯಿಂದ ಎಷ್ಟು ಇಳಿಯುತ್ತದೆ ಎಂದು ಪ್ರಯೋಗಾಲಯದಲ್ಲಿ ಅಳೆಸಿ ತೋರಿಸುವುದೊಂದೇ ದಾರಿ. ಘಟಕಗಳು ಒಟ್ಟಾಗಿ ಸಹಕಾರ ಸಂಘದ ಮೂಲಕ ಆ ಪರೀಕ್ಷೆಯ ಖರ್ಚು ಹಂಚಿಕೊಳ್ಳಿ. ಅಳತೆಯ ಕಾಗದ ಕೈಯಲ್ಲಿಲ್ಲದೆ ‘ಅದು ವಿದೇಶಿಯರ ಪಿತೂರಿ’ ಎಂದು ಕೂಗಿದರೆ ಕೊಳ್ಳುವವನು ಕಿವಿಗೊಡುವುದಿಲ್ಲ.

ಬಿಸಿಲಿಗೆ ತಾರಸಿ ಕಾದು ರಾತ್ರಿ ನಿದ್ದೆ ಇಲ್ಲ. ಅತಿ ಬಿಳಿ ಬಣ್ಣವೊಂದು ಕಂಡುಹಿಡಿದಿದ್ದಾರಂತೆ, ಎಲ್ಲಿ ಸಿಗುತ್ತದೆ?
— ಕಲಬುರಗಿ

ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದವರು 2021ರಲ್ಲಿ ತೋರಿಸಿದ ಬಣ್ಣ ಅದು. ಬೇರಿಯಂ ಸಲ್ಫೇಟಿನ ಕಣಗಳಿಂದ ಮಾಡಿದ್ದು, ಬಿಸಿಲಿನ ನೂರಕ್ಕೆ 98.1 ಪಾಲನ್ನು ಹಿಂದಕ್ಕೆ ಎಸೆಯುತ್ತದೆ. ಅದಕ್ಕಾಗಿ ಕಾಯುತ್ತಾ ಬೇಸಿಗೆ ಕಳೆಯಬೇಡಿ. ಸಾಧಾರಣ ಸುಣ್ಣವೂ ಬಿಸಿಲಿನ ಬಹುಪಾಲನ್ನು ತಿರುಗಿಸುತ್ತದೆ. ಅಹಮದಾಬಾದಿನಲ್ಲಿ 2017ರಲ್ಲೇ ಬಡವರ ಮನೆಗಳ ಚಾವಣಿಗೆ ಬಿಳಿ ಬಳಿಯುವ ಕೆಲಸ ಶುರುವಾಯಿತು. ನಿಮ್ಮ ಪಕ್ಕದ ತೆಲಂಗಾಣ 2023ರಲ್ಲಿ ತಂಪು ಚಾವಣಿಗೆಂದೇ ನೀತಿ ತಂದಿದೆ.

ಶಿವರಾತ್ರಿ ಕಳೆದ ವಾರ ತಾರಸಿಯನ್ನು ಉಜ್ಜಿ ತೊಳೆದು, ಅರಳಿಸಿದ ಸುಣ್ಣವನ್ನು ಸೋಸಿ, ಸ್ವಲ್ಪ ಅಂಟು ಬೆರೆಸಿ ಎರಡು ಕೈ ಬಳಿಯಿರಿ. ಸುಣ್ಣ ಆರುವಾಗ ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ಮತ್ತೆ ಕಲ್ಲಾಗುತ್ತದೆ. ಮೇಲೆ ಹೇಳಿದ ಆ 44ರಲ್ಲಿ ಸ್ವಲ್ಪ ಮನೆಗೆ ಮರಳಿದಂತೆ. ಮಳೆಗೆ ತೊಳೆದುಹೋಗುತ್ತದೆ, ಮರುವರ್ಷ ಮತ್ತೆ ಬಳಿಯಬೇಕು. ಕಣ್ಣಿಗೆ ಸಿಡಿಯದಂತೆ ಕನ್ನಡಕ ಹಾಕಿಕೊಳ್ಳಿ, ಬರಿಗೈಯಲ್ಲಿ ಕಲಸಬೇಡಿ. ಮತ್ತು ಬಳಿಯುವಾಗ ಮೂಲೆಯಿಂದ ಮೆಟ್ಟಿಲಿನ ಕಡೆಗೆ ಬನ್ನಿ. ನಾನು ಮೆಟ್ಟಿಲಿನಿಂದ ಶುರು ಮಾಡಿ ನೀರಿನ ಟ್ಯಾಂಕಿನ ಪಕ್ಕ ಒಂದು ಗಂಟೆ ನಿಂತಿದ್ದೆ.