ಕೊಡಲು ಜಾಸ್ತಿ ಏನೂ ಇಲ್ಲದವರ ಕಾಣಿಕೆಯನ್ನು ದೇವರು ಮೆಚ್ಚುತ್ತಾನೆಯೇ?

ಖಂಡಿತ ಮೆಚ್ಚುತ್ತಾನೆ. ಬೈಬಲ್ಲಿನಲ್ಲಿ ಇದಕ್ಕೆ ನಿಯಮವೇ ಇತ್ತು. ಹೆರಿಗೆಯ ನಂತರ ತಾಯಿ ಒಂದು ಕುರಿಮರಿ ಅರ್ಪಿಸಬೇಕು. ಅಷ್ಟು ಶಕ್ತಿ ಇಲ್ಲದಿದ್ದರೆ ಎರಡು ಬೆಳವಕ್ಕಿ ಅಥವಾ ಎರಡು ಪಾರಿವಾಳದ ಮರಿ ಸಾಕು (ಯಾಜಕಕಾಂಡ 12:8). ಯೇಸು ಹುಟ್ಟಿದಾಗ ಮರಿಯಳೂ ಯೋಸೇಫನೂ ಕೊಟ್ಟದ್ದು ಈ ಬಡವರ ಕಾಣಿಕೆಯನ್ನೇ ಎಂದು ಲೂಕನ ಸುವಾರ್ತೆಯಿಂದ ತಿಳಿಯುತ್ತದೆ.

ಇನ್ನು ಬಡ ವಿಧವೆಯೊಬ್ಬಳು ದೇವಾಲಯದ ಕಾಣಿಕೆ ಪೆಟ್ಟಿಗೆಗೆ ಎರಡು ಕಾಸು ಹಾಕಿದ ಕಥೆ ನಿಮಗೆ ಗೊತ್ತಿರಬಹುದು (ಮಾರ್ಕ 12:41-44). ಆ ಎರಡೂ ಸೇರಿದರೆ ಒಬ್ಬ ಕೂಲಿಯವನ ದಿನದ ಸಂಬಳದಲ್ಲಿ 64ರಲ್ಲಿ ಒಂದು ಭಾಗ, ಅಷ್ಟೇ. ಆದರೂ ಎಲ್ಲರಿಗಿಂತ ಹೆಚ್ಚು ಹಾಕಿದವಳು ಇವಳೇ ಎಂದರು ಯೇಸು. ಉಳಿದವರು ಮಿಕ್ಕಿದ್ದರಲ್ಲಿ ಕೊಟ್ಟರು, ಇವಳು ತನ್ನ ಜೀವನಕ್ಕೆ ಇದ್ದದ್ದನ್ನೇ ಕೊಟ್ಟಳು.

ಇಲ್ಲೊಂದು ಮಾತು ಹೇಳಲೇಬೇಕು. ಈ ಕಥೆ ತೋರಿಸಿ ಬಡವರಿಂದ ದುಡ್ಡು ಕೇಳುವುದು ತಪ್ಪು. ಅದೇ ಅಧ್ಯಾಯದಲ್ಲಿ, ಇದಕ್ಕೆ ಸ್ವಲ್ಪ ಮುಂಚೆ, ವಿಧವೆಯರ ಮನೆಗಳನ್ನು ನುಂಗುವ ಶಾಸ್ತ್ರಿಗಳನ್ನು (ಯೆಹೂದಿ ಧರ್ಮಶಾಸ್ತ್ರ ಬೋಧಕರನ್ನು) ಯೇಸು ಖಂಡಿಸುತ್ತಾರೆ. ಯೇಸುವಿನ ಸುವಾರ್ತೆ ಸಾರಿದ ಅಪೊಸ್ತಲ ಪೌಲನೂ ಅಷ್ಟೇ: ಮನಸ್ಸಿದ್ದರೆ ಇದ್ದದ್ದರ ಪ್ರಕಾರ ಕೊಟ್ಟರೆ ಸಾಕು, ಇಲ್ಲದ್ದನ್ನು ಕೊಡಬೇಕಿಲ್ಲ ಎನ್ನುತ್ತಾನೆ (2 ಕೊರಿಂಥ 8:12). ಸಾಲ ಮಾಡಿ ಕಾಣಿಕೆ ಹಾಕಬೇಡಿ.

ಕಾಣಿಕೆ ಹಣವೇ ಆಗಬೇಕು ಅಂತೇನಿಲ್ಲ, ಅಲ್ವಾ? ಮಿಜೋರಾಂನಲ್ಲಿ ಹೆಂಗಸರು ಅಡುಗೆಗೆ ಅಕ್ಕಿ ಅಳೆಯುವಾಗಲೆಲ್ಲ ಒಂದು ಹಿಡಿ ತೆಗೆದು ಸಭೆಗೆಂದು (ಚರ್ಚಿಗೆಂದು) ಬೇರೆ ಪಾತ್ರೆಗೆ ಹಾಕುತ್ತಾರೆ. ಇದರ ಹೆಸರು ‘ಬುಹ್‌ಫಾಯ್ ಥಾಮ್’, 1910ರಲ್ಲಿ ಶುರುವಾದದ್ದು. ಮನೆಮನೆಯಿಂದ ಸೇರಿದ ಆ ಅಕ್ಕಿಯನ್ನು ಮಾರಿ, ಬಂದ ಹಣದಿಂದ ಅಲ್ಲಿನ ಸಭೆಗಳು ಸುವಾರ್ತೆಯ ಸೇವೆ ನಡೆಸುತ್ತಿವೆ.