ಏರಿನಲ್ಲಿ ಆರ್‌ಪಿಎಂ (ಇಂಜಿನ್ ತಿರುಗುವ ವೇಗ) ಏರುತ್ತದೆ, ಕಾರಿನ ವೇಗ ಏರುವುದಿಲ್ಲ. ಕ್ಲಚ್ ಕೇಬಲ್ ಟೈಟ್ ಮಾಡಿಸಿ ಇನ್ನೂ ಕೆಲವು ತಿಂಗಳು ಓಡಿಸಬಹುದಾ?

ದಯವಿಟ್ಟು ಟೈಟ್ ಮಾಡಿಸಬೇಡಿ. ನನ್ನ ಕಾರಿಗೂ ಇದೇ ಆಗಿತ್ತು, ಅದನ್ನು ಕೆಡಿಸಿದ್ದೇ ಆ ಟೈಟ್ ಮಾಡಿಸುವ ಕೆಲಸ.

ಮೊದಲು ರಿವರ್ಸ್ ಗೇರ್ ಹಾಕುವಾಗ ಕರಕರ ಶಬ್ದ ಬರುತ್ತಿತ್ತು. ಕ್ಲಚ್ ಪೂರ್ತಿ ಬಿಡುತ್ತಿಲ್ಲ ಎಂದು ಕೇಬಲ್ ಟೈಟ್ ಮಾಡಿಸಿದೆ. ಗೇರ್ ಸಲೀಸಾಗಿ ಬೀಳತೊಡಗಿತು. ಅಷ್ಟಕ್ಕೇ ಖುಷಿಯಾಗಿ ಪೆಡಲ್‌ನ ಫ್ರೀ ಪ್ಲೇ, ಅಂದರೆ ಕ್ಲಚ್ ಬಿಡತೊಡಗುವ ಮೊದಲಿನ ಸಡಿಲ, ಎಷ್ಟು ಉಳಿದಿದೆ ಎಂದು ನೋಡಲೇ ಇಲ್ಲ.

ಇದನ್ನು ಬಿಡಿಸಿ ಹೇಳಲೇಬೇಕು, ನನ್ನ ದುಡ್ಡು ಹೋಗಿದ್ದು ಇಲ್ಲೇ. ಕೈಯಿಂದ ಹೊಂದಿಸುವ ಕೇಬಲ್ ಇರುವ ಕಾರಿನಲ್ಲಿ ಪೆಡಲನ್ನು ಮೆಲ್ಲಗೆ ಒತ್ತಿದರೆ ಮೊದಲ ಒಂದೆರಡು ಸೆಂಟಿಮೀಟರ್ ಸುಮ್ನೆ ಹಗುರವಾಗಿ ಹೋಗಬೇಕು. ಸರಿಯಾದ ಅಳತೆ ನಿಮ್ಮ ಕಾರಿನ ಮ್ಯಾನುಯಲ್‌ನಲ್ಲಿರುತ್ತದೆ. ಕ್ಲಚ್ ಪ್ಲೇಟನ್ನು ಇಂಜಿನ್ ತಿರುಗಿಸುವ ಭಾರದ ಚಕ್ರಕ್ಕೆ (ಫ್ಲೈವೀಲ್) ಒತ್ತಿ ಹಿಡಿಯುವುದು ಪ್ರೆಶರ್ ಪ್ಲೇಟ್; ಪೆಡಲ್ ಒತ್ತಿದಾಗ ಅದರ ಸ್ಪ್ರಿಂಗನ್ನು ತಳ್ಳಿ ಹಿಡಿತ ಬಿಡಿಸುವುದು ರಿಲೀಸ್ ಬೇರಿಂಗ್. ಕ್ಲಚ್ ಪ್ಲೇಟ್ ಸವೆದಂತೆಲ್ಲ ಪ್ರೆಶರ್ ಪ್ಲೇಟಿನ ಸ್ಪ್ರಿಂಗ್ ಬೆರಳುಗಳು ರಿಲೀಸ್ ಬೇರಿಂಗ್ ಕಡೆಗೆ ಬರುತ್ತವೆ, ಈ ಸಡಿಲ ತಾನಾಗಿಯೇ ಕಮ್ಮಿಯಾಗುತ್ತದೆ. ಅದರ ಮೇಲೆ ಕೇಬಲ್ಲನ್ನೂ ಎಳೆದರೆ ಬೇರಿಂಗ್ ಸದಾ ಸ್ಪ್ರಿಂಗನ್ನು ಒತ್ತುತ್ತಲೇ ಇರುತ್ತದೆ. ಪೆಡಲ್ ಮೇಲೆ ಕಾಲಿಟ್ಟುಕೊಂಡೇ ಓಡಿಸಿದ ಹಾಗೆ. ಆಗ ಪ್ಲೇಟಿಗೆ ಪೂರ್ತಿ ಹಿಡಿತ ಸಿಗುವುದಿಲ್ಲ. ಜಾರುತ್ತದೆ, ಕಾಯುತ್ತದೆ, ಇನ್ನೂ ಜಾಸ್ತಿ ಸವೆಯುತ್ತದೆ.

ನನ್ನದು ಉದ್ದದ ಏರೊಂದರಲ್ಲಿ ಕೈಕೊಟ್ಟಿತು. ಇಂಜಿನ್ ಕೂಗುತ್ತಿತ್ತು, ಗಾಡಿ ನಿಧಾನವಾಗುತ್ತಾ ಬಂತು, ಒಳಗೆಲ್ಲ ಸುಟ್ಟ ವಾಸನೆ. ಗೇರ್‌ಬಾಕ್ಸ್ ಇಳಿಸಿದಾಗ ಪ್ಲೇಟಿನ ರಿವೆಟ್ ಎದ್ದು ಫ್ಲೈವೀಲ್ ಉದ್ದಕ್ಕೂ ಗೀರು ಹಾಕಿತ್ತು. ಅಲ್ಲಲ್ಲಿ ನೀಲಿ ಕಲೆಗಳು, ಅದು ಕಬ್ಬಿಣ ಅತಿಯಾಗಿ ಕಾದ ಗುರುತು. ಕ್ಲಚ್ ಜೊತೆಗೆ ಫ್ಲೈವೀಲ್ ಖರ್ಚೂ ತಲೆ ಮೇಲೆ ಬಿತ್ತು.

ಹಾಗಾಗಿ ಎಷ್ಟು ತಿಂಗಳು ತಳ್ಳಬಹುದು ಎನ್ನುವ ಲೆಕ್ಕವೇ ಬೇಡ. ಫ್ಲೈವೀಲ್ ಉಳಿಸಿಕೊಳ್ಳುವುದು ಹೇಗೆ ಎಂದು ಯೋಚಿಸಿ. ಇವತ್ತೇ ಪೆಡಲ್ ಒತ್ತಿ ನೋಡಿ. ಸಡಿಲ ಇಲ್ಲದಿದ್ದರೆ ಕೇಬಲ್ ಸಡಿಲ ಮಾಡಿಸಿ. ಆಮೇಲೆ ಖಾಲಿ ರಸ್ತೆಯಲ್ಲಿ, ನಾಲ್ಕನೇ ಗೇರಿನಲ್ಲಿ 40 ಕಿ.ಮೀ. ವೇಗದಿಂದ ಆಕ್ಸಿಲರೇಟರ್ ಪೂರ್ತಿ ಒತ್ತಿ. ಆರ್‌ಪಿಎಂ ಮುಳ್ಳು ಮೇಲಕ್ಕೆ ಹಾರಿ ವೇಗ ಅಲ್ಲೇ ಇದ್ದರೆ ಪ್ಲೇಟ್ ಜಾರುತ್ತಿದೆ ಎಂದೇ ಅರ್ಥ. ಒಂದು ಸಲ ಸಾಕು, ಪರೀಕ್ಷೆ ಮಾಡಿದಷ್ಟೂ ಪ್ಲೇಟ್ ಸುಡುತ್ತದೆ.

ಹೈಡ್ರಾಲಿಕ್ ಕ್ಲಚ್ (ಆಯಿಲ್ ಒತ್ತಡದಿಂದ ಕೆಲಸ ಮಾಡುವುದು) ಆಗಿದ್ದರೆ ಸಾಮಾನ್ಯವಾಗಿ ಎಳೆಯಲು ಕೇಬಲ್ಲೇ ಇರುವುದಿಲ್ಲ. ಅಲ್ಲಿ ಪೆಡಲ್ ಕುಸಿದರೆ ಆಯಿಲ್ ಸೋರಿಕೆ ಹುಡುಕಬೇಕು, ಅದು ಬೇರೆ ಕಥೆ.

ಬಿಚ್ಚಿಸುವುದೇ ಆದರೆ ಪ್ಲೇಟ್, ಪ್ರೆಶರ್ ಪ್ಲೇಟ್, ರಿಲೀಸ್ ಬೇರಿಂಗ್ ಮೂರನ್ನೂ ಒಟ್ಟಿಗೆ ಹಾಕಿಸಿ. ಬರೀ ಪ್ಲೇಟ್ ಸಾಕು ಎಂದರೆ ಒಪ್ಪಬೇಡಿ. ನಾಳೆ ಬೇರಿಂಗ್ ಕೂಗಿದರೆ ಮತ್ತೆ ಗೇರ್‌ಬಾಕ್ಸ್ ಇಳಿಸಬೇಕು, ಕೂಲಿ ಅಷ್ಟೇ ಆಗುತ್ತೆ ಅಲ್ವಾ? ಫ್ಲೈವೀಲ್ ಹಿಂದಿನ ಆಯಿಲ್ ಸೀಲ್ ಸೋರುತ್ತಿದೆಯಾ ಎಂದೂ ಆಗಲೇ ನೋಡಿಸಿ, ಹೊಸ ಪ್ಲೇಟಿಗೆ ಆಯಿಲ್ ತಾಗಿದರೆ ಅದೂ ಜಾರುತ್ತದೆ.